ಅಜ್ಜನ ಸತ್ಯವೇದದ ಮೊದಲ ಹಾಳೆ

ಮಲ್ಲೇಶ್ವರದ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. 1898ರ ಪ್ಲೇಗ್ ಮಾರಿಯ ತರುವಾಯ ಇಕ್ಕಟ್ಟಾದ ಪೇಟೆಯನ್ನು ತೊರೆದು ಬಂದವರು ಕಟ್ಟಿಕೊಂಡ, ಮುಂದೆ ಜಗಲಿ, ಹಿತ್ತಲಲ್ಲಿ ಬಾವಿ, ಬೇಲಿಯ ಬಳಿ ಒಂದು ಸಂಪಿಗೆಯೋ ಮಾವೋ ಇರುತ್ತಿದ್ದ ಮನೆಗಳವು. ಅವನ್ನು ಕೆಡಹುವಾಗ ಕೂಲಿಯಾಳುಗಳು ಮೊದಲು ಇಳಿಸುವುದು ಹೆಂಚುಗಳನ್ನು. ಬೀದಿಯ ಅಂಚಿನಲ್ಲಿ ಪೇರಿಸಿಟ್ಟ ಅಂಥ ರಾಶಿಯಿಂದ ಒಂದನ್ನೆತ್ತಿ ತಿರುವಿ ನೋಡಿದರೆ, ಅದರ ಮೈಮೇಲೆ ಬಾಸೆಲ್ ಮಿಷನ್ನಿನ ಹೆಸರು ಒತ್ತಿರುವುದು ಕಾಣಸಿಗುವುದುಂಟು. ಮಡಿಯುಟ್ಟು ಅಡಿಗೆ ಮಾಡುತ್ತಿದ್ದ ಮನೆಯ ಮೇಲೂ ಅದೇ ಹೆಂಚು. ಸಂಜೆ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದ ಮನೆಯ ಮೇಲೂ ಅದೇ ಹೆಂಚು. ಮಳೆಗೆ ಮತಭೇದವಿಲ್ಲವಷ್ಟೆ!

ಧರ್ಮಪ್ರಚಾರಕ್ಕೆಂದು ಬಂದ ಪಾದ್ರಿಗಳು ಹೆಂಚನ್ನೇಕೆ ಸುಡಹೊರಟರು? ಕಾರಣ ಸರಳವಾದುದು. ಕಳೆದ ಶತಮಾನಕ್ಕೂ ಹಿಂದೆ ಕರಾವಳಿಯಲ್ಲಿ ಒಬ್ಬನು ದೀಕ್ಷಾಸ್ನಾನ ಪಡೆದನೆಂದರೆ ಅವನು ಬದಲಿಸಿದುದು ದೇವರ ಹೆಸರನ್ನು ಮಾತ್ರವಲ್ಲ. ಅವನಿಗೆ ಕೂಡುಮನೆ ತಪ್ಪುತ್ತಿತ್ತು, ಗೇಣಿಯ ಗದ್ದೆ ತಪ್ಪುತ್ತಿತ್ತು, ಕುಲದ ಕಸುಬು ತಪ್ಪುತ್ತಿತ್ತು, ಊರ ಬಾವಿಯ ನೀರೂ ಕೆಲವೆಡೆ ತಪ್ಪುತ್ತಿತ್ತು. ಹೀಗೆ ಬರಿಗೈಯಲ್ಲಿ ನಿಂತ ಸಂಸಾರಗಳ ಹೊಟ್ಟೆಗೆ ದಾರಿ ತೋರಿಸಲೆಂದು ಬಾಸೆಲ್ ಮಿಷನ್ನಿನವರು ಮೊದಲು ನೇಯ್ಗೆಯನ್ನು ತೊಡಗಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಪಾದ್ರಿಯ ಮುಂದಾಳುತನದಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನಾವು ಇಂದು ಮಂಗಳೂರು ಹೆಂಚೆಂದು ಕರೆಯುವ ವಸ್ತುವಿನ ಬೇರು ಅಲ್ಲಿದೆ. ಆ ಮಣ್ಣನ್ನು ತುಳಿದವರಿಗೆ, ಆ ಅಚ್ಚನ್ನು ಒತ್ತಿದವರಿಗೆ, ತಾವು ಹಳೆಯ ಮನೆಯ ಹೊಸ್ತಿಲನ್ನು ದಾಟಿ ಬಂದ ಒಂದು ದಿನದ ನೆನಪು ಇದ್ದೇ ಇದ್ದಿತು.

ಮಿಷನ್ನುಗಳ ಚರಿತ್ರೆ ಜರ್ಮನ್ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಧಾರಾಳವಾಗಿ ಲಿಖಿತವಾಗಿದೆ. ಆದರೆ ಆ ಒಂದು ದಿನದ ಕಥೆ? ಅದನ್ನು ಕಂಡವರು ಮಕ್ಕಳಿಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕನ್ನಡ ಕ್ರೈಸ್ತ ಮನೆಗಳಲ್ಲಿ ವಿಶ್ವಾಸದ ಕಥೆ ಅಜ್ಜಿಯಿಂದ ಮೊಮ್ಮಗುವಿಗೆ ಹೇಗೆ ಸಾಗಿಬಂದಿತು, ಇಂದು ಎಲ್ಲಿ ತೊಡಕುತ್ತಿದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ. ಕ್ರೈಸ್ತರಲ್ಲದ ವಾಚಕರಿಗೂ ಇದು ಪರಕೀಯವೆನಿಸಲಾರದು. ತಮ್ಮ ಮುತ್ತಜ್ಜನು ಏತಕ್ಕಾಗಿ ಊರು ಬಿಟ್ಟನೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಬೆಂಗಳೂರಿನ ಕನ್ನಡ ಕ್ರೈಸ್ತರು ಒಂದೇ ಮೂಲದಿಂದ ಬಂದವರಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಇಲ್ಲಿಗೆ ಬಂದು, 1887ರಲ್ಲಿ ತೀರಿಕೊಳ್ಳುವ ತನಕ ಕನ್ನಡದಲ್ಲಿ ಬೋಧಿಸಿದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವರ ಹೆಸರಿನದು. ಶಾಸನಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಇವರ ಮಗ. ತಂದೆ ಕನ್ನಡಿಗರಿಗೆ ತನ್ನ ಕಥೆಯನ್ನು ಹೇಳಿದನು, ಮಗನು ಕನ್ನಡಿಗರ ಕಥೆಯನ್ನು ಅವರಿಗೇ ತಿಳಿಸಿದನು ಎನ್ನಬಹುದು. ವೆಸ್ಲಿಯನ್ ಮಿಷನ್ನಿನ ಕನ್ನಡ ಸಭೆಗೆ 1904ರಲ್ಲಿ ಹಡ್ಸನ್ ಸ್ಮಾರಕ ದೇವಾಲಯ ಎದ್ದಿತು. 1947ರಲ್ಲಿ ಈ ಎರಡು ಪಂಗಡಗಳೂ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಕಥೋಲಿಕರ ಸಂತ ಪೇತ್ರರ ಗುರುಮಠ 1934ರಲ್ಲಿ ಪುದುಚೇರಿಯಿಂದ ಮಲ್ಲೇಶ್ವರಕ್ಕೇ ಬಂದು ನೆಲಸಿತು. ಇವರೊಡನೆ ಮಂಗಳೂರಿನ ಕಡೆಯಿಂದ ನೌಕರಿಗೆ ಬಂದ ಕೊಂಕಣಿ ಮನೆಮಾತಿನ ಕುಟುಂಬಗಳು, ಧಾರವಾಡ ಹುಬ್ಬಳ್ಳಿಗಳ ಕಡೆಯವರು, ಹಾಸನ ಮೈಸೂರುಗಳ ಹಳ್ಳಿಗಳವರು. ಇಂಥ ಮನೆಗಳಲ್ಲಿ ಬಹುಪಾಲು ಒಂದು ವಸ್ತುವನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ: ಕಪ್ಪು ರಟ್ಟಿನ, ಅಂಚು ಸವೆದ, ಅಜ್ಜನ ಕಾಲದ ಸತ್ಯವೇದ.

ಅದರ ಮೊದಲ ಖಾಲಿ ಹಾಳೆಯೇ ಆ ಮನೆಯ ಶಾಸನ. ಹುಟ್ಟಿದವರ ಹೆಸರು, ದೀಕ್ಷಾಸ್ನಾನದ ದಿನಾಂಕ, ಮದುವೆ, ಕೊನೆಯಲ್ಲಿ “ಕರ್ತನಲ್ಲಿ ನಿದ್ರೆಹೋದರು” ಎಂಬ ಒಕ್ಕಣೆ. ಮಸಿ ಮೂರು ನಾಲ್ಕು ಬಣ್ಣದ್ದು, ಬರಹ ಮೂರು ನಾಲ್ಕು ಕೈಗಳದು. ಶಾಸನವನ್ನು ಓದಿ ಅಭ್ಯಾಸವಿದ್ದವರಿಗೆ ಇದರ ಬೆಲೆಯೂ ತಿಳಿದಿದೆ, ಕೊರತೆಯೂ ತಿಳಿದಿದೆ. ಯಾವಾಗ ಎಂಬುದನ್ನು ಆ ಹಾಳೆ ಹೇಳುತ್ತದೆ. ಏಕೆ ಎಂಬುದನ್ನು ಹೇಳುವುದಿಲ್ಲ. ಮಗುವೊಂದು ಕೇಳುವ ಮೊದಲ ಪ್ರಶ್ನೆಯಾದರೋ ‘ಏಕೆ’ ಎಂಬುದೇ. “ಅಜ್ಜೀ, ನಾವು ಏಕೆ ಕ್ರೈಸ್ತರಾದೆವು?” ಎಂದು ಕೇಳಿದ ಹುಡುಗನಿಗೆ ತಾರೀಖನ್ನು ತೋರಿಸಿದರೆ ಸಾಕೆ?

ಸತ್ಯವೇದವು ಈ ಕೆಲಸವನ್ನು ಪಾದ್ರಿಗಳಿಗಿಂತ ಮೊದಲು ಮನೆಯವರಿಗೆ ವಹಿಸಿದೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವು, ದೇವರ ಮಾತುಗಳನ್ನು ಮನೆಯಲ್ಲಿ ಕುಳಿತಾಗಲೂ ದಾರಿ ನಡೆವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳೊಡನೆ ಆಡುತ್ತಿರಬೇಕೆಂದು ವಿಧಿಸುತ್ತದೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಆ ಯುವಕನ ವಿಶ್ವಾಸವನ್ನು ಹೊಗಳುವಾಗ, ಅದು ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲಸಿತ್ತೆಂದು ಅವರ ಹೆಸರು ಹಿಡಿದು ನೆನೆಯುತ್ತಾನೆ. ಇನ್ನು 78ನೆಯ ಕೀರ್ತನೆಯಂತೂ ಹಿರಿಯರಿಂದ ಕೇಳಿದುದನ್ನು ಮುಂದಿನ ತಲೆಮಾರಿಗೆ ಮರೆಮಾಡೆವು ಎಂಬ ಸಂಕಲ್ಪದಿಂದಲೇ ಆರಂಭವಾಗುತ್ತದೆ. ಈ ಕೀರ್ತನೆಯನ್ನು ಉಪನ್ಯಾಸಗಳಲ್ಲಿ ಉದಾಹರಿಸುವವರು ಹಲವರು. ಕೊನೆಯವರೆಗೆ ಓದುವವರು ಕೆಲವರು. ಏಕೆಂದರೆ ಅದು ಮುಂದೆ ಹೇಳುವುದು ದೇವರ ಮಹತ್ಕಾರ್ಯಗಳನ್ನು ಮಾತ್ರವಲ್ಲ. ಆ ಹಿರಿಯರು ಹೇಗೆ ಗೊಣಗಿದರು, ಹೇಗೆ ಮರೆತರು, ಹೇಗೆ ತಿರುಗಿಬಿದ್ದರು ಎಂಬುದನ್ನೂ ಒಂದಾದ ಮೇಲೊಂದರಂತೆ ಹೇಳುತ್ತದೆ. ಮರೆಮಾಡೆವು ಎಂಬ ಮಾತಿಗೆ ಆಗ ಪೂರ್ತಿ ಅರ್ಥ ಬರುತ್ತದೆ.

ನಮ್ಮ ನಾಡಿನಲ್ಲಿ ಹೀಗೆ ಮರೆಮಾಡದೆ ಹೇಳಬೇಕಾದ ಕಥೆ ಆನಂದರಾವ್ ಕೌಂಡಿನ್ಯನದು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಈತನು ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗನ ಶಿಷ್ಯ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗನೇ ಆತ. 1844ರ ಜನವರಿಯಲ್ಲಿ ಆನಂದರಾಯನು ಇನ್ನಿಬ್ಬರು ತರುಣರೊಡನೆ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೇ ತಳೆದು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಊರು ಅಲ್ಲೋಲಕಲ್ಲೋಲವಾಯಿತು. 1846ರಲ್ಲಿ ಗುರುವಿನೊಡನೆ ಕಡಲು ದಾಟಿ ಬಾಸೆಲಿಗೆ ಹೋಗಿ ಅಲ್ಲಿ ಓದಿ, 1851ರಲ್ಲಿ ಪಾದ್ರಿಯ ಪಟ್ಟ ಪಡೆದು ಮರಳಿ ಬಂದನು.

ಇಷ್ಟನ್ನು ಸಂಡೆ ಸ್ಕೂಲಿನಲ್ಲಿ ಹೇಳುವುದು ಸುಲಭ. ಇನ್ನು ಮುಂದಿನದು ಕಷ್ಟ. ಆನಂದರಾಯನಿಗೆ ಆಗಲೇ ವಿವಾಹವಾಗಿತ್ತು. ಹೆಂಡತಿ ಅವನೊಡನೆ ಬರಲಿಲ್ಲ. ವರ್ಷಗಳು ಕಳೆದವು, ಆ ನಂಟು ಮತ್ತೆ ಕೂಡಲಿಲ್ಲ. 1860ರಲ್ಲಿ ಅವನು ಜರ್ಮನಿಯ ಮೇರಿ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದನು. ಬಿಟ್ಟುಹೋದ ಮನೆಯಲ್ಲಿ ಉಳಿದವಳ ಪಾಲಿಗೆ ಆ ಹದಿನಾರು ವರ್ಷಗಳು ಎಂಥವಾಗಿದ್ದುವು? ಇತ್ತ ಹೊರಗೆ ಬಂದವನ ಕಥೆಯನ್ನು ಬರೆದವರು ಅನೇಕರು. ಅತ್ತ ಒಳಗೆ ಉಳಿದವಳ ಕಥೆಯನ್ನು ಬರೆದವರಿಲ್ಲ. ಆನಂದರಾಯನ ವಿಶ್ವಾಸ ದೊಡ್ಡದಲ್ಲವೆಂದು ನಾನು ಹೇಳುತ್ತಿಲ್ಲ. ಅದು ದೊಡ್ಡದಾಗಿದ್ದುದರಿಂದಲೇ ಅದರ ಬೆಲೆಯೂ ದೊಡ್ಡದಾಯಿತು, ಮತ್ತು ಆ ಬೆಲೆಯಲ್ಲಿ ಒಂದು ಭಾಗವನ್ನು ತೆತ್ತವರು ಬೇರೊಬ್ಬರು.

ಅವನು ಮುಂದೆ ಮಾಡಿದ ಕೆಲಸ ಇದಕ್ಕಿಂತಲೂ ಗಮನಾರ್ಹವಾದುದು. ಕೊಡಗಿನಲ್ಲಿ ಜಮ್ಮದ ಗದ್ದೆಗಳಲ್ಲಿ ಜೀತ ಮಾಡುತ್ತಿದ್ದ ಹೊಲೆಯರು ಕ್ರೈಸ್ತರಾದಾಗ ಅವರಿಗೆ ನಿಲ್ಲಲು ನೆಲವಿರಲಿಲ್ಲ. ಅವರಿಗಾಗಿ ಸಿದ್ದಾಪುರದ ಸಮೀಪದಲ್ಲಿ ಮೋಗ್ಲಿಂಗನು ಕಟ್ಟಿದ ಕಾಫಿ ತೋಟದ ವಸತಿಗೆ ಕೌಂಡಿನ್ಯನು ತನ್ನ ಸ್ವಂತ ಹಣವನ್ನು ಹಾಕಿದನು. ಆ ಊರಿಗೆ ಅವನ ಹೆಸರೇ ನಿಂತು ಆನಂದಪುರವಾಯಿತು. ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರ ಊರಿನ ಹೆಸರಾಗಿ ಉಳಿದುದು, ನೂರೈವತ್ತು ವರ್ಷಗಳ ಹಿಂದಿನ ಕೊಡಗಿನಲ್ಲಿ ಅಲ್ಪ ಸಂಗತಿಯಲ್ಲ. 1893ರಲ್ಲಿ ಅವನು ತೀರಿಕೊಂಡನು. ಹೆಂಡತಿಯ ಮೌನವನ್ನೂ ಆನಂದಪುರದ ಕಾಫಿ ಗಿಡಗಳನ್ನೂ ಒಟ್ಟಿಗೆ ಹೇಳಿದಾಗ ಕೇಳುವ ಮಗು ಒಬ್ಬ ಮನುಷ್ಯನನ್ನು ಕಾಣುತ್ತದೆ. ಒಂದನ್ನೇ ಹೇಳಿದರೆ ಗೋಡೆಯ ಮೇಲಿನ ಪಟವನ್ನು ಕಾಣುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಬಾಸೆಲಿನ ಮಿಷನ್ ವಿದ್ಯಾಲಯಕ್ಕೆ ಸೇರಬಯಸಿದ ಪ್ರತಿಯೊಬ್ಬನೂ ತನ್ನ ಜೀವನವೃತ್ತಾಂತವನ್ನು ಸ್ವಹಸ್ತದಿಂದ ಬರೆದು ಒಪ್ಪಿಸಬೇಕಾಗಿತ್ತು. ತಾನು ಪಾಪಿಯೆಂದು ಅರಿತದ್ದು ಹೇಗೆ, ಕೃಪೆಯನ್ನು ಕಂಡದ್ದು ಎಲ್ಲಿ ಎಂಬುದೆಲ್ಲ ಅದರಲ್ಲಿರಬೇಕು. ಆ ಕಾಗದಗಳು ಬಾಸೆಲ್ ನಗರದ ಪತ್ರಾಗಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಅಮೂಲ್ಯವಾದ ಸಾಮಗ್ರಿ, ನಿಜ. ಆದರೆ ಪರೀಕ್ಷಕರ ಕಣ್ಣೆದುರು ಬರೆದ ಆತ್ಮಕಥೆಗಳು ಒಂದೇ ಅಚ್ಚಿನ ಹೆಂಚುಗಳಂತೆ ಕಾಣುವ ಅಪಾಯವುಂಟು. ಮೊಮ್ಮಗುವಿಗೆ ಹೇಳುವ ಕಥೆಗೆ ಆ ಅಂಜಿಕೆ ಬೇಕಾಗಿಲ್ಲ.

ಉತ್ತರ ಕರ್ನಾಟಕದಿಂದ ಇನ್ನೊಂದು ನಿದರ್ಶನವನ್ನು ಕೊಡಬಹುದು. ಲಿಂಗಾಯತ ಮೂಲದಿಂದ ಕ್ರೈಸ್ತಧರ್ಮಕ್ಕೆ ಬಂದ ಮನೆತನವೊಂದರಲ್ಲಿ, 1881ರಲ್ಲಿ ಧಾರವಾಡದಲ್ಲಿ ಜನಿಸಿದವರು ಉತ್ತಂಗಿ ಚನ್ನಪ್ಪನವರು. ಜೀವನವಿಡೀ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ದುಡಿದರು. ಆ ಕೆಲಸದ ನಡುವೆಯೇ ಹಳ್ಳಿ ಹಳ್ಳಿ ಅಲೆದು, ಓಲೆಗರಿಗಳನ್ನು ಬೇಡಿ ತಂದು, ಜನರ ನಾಲಗೆಯ ಮೇಲಿದ್ದುದನ್ನು ಕೇಳಿ ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಹೊರತಂದರು. ನಾವೆಲ್ಲರೂ ಕಾಲೇಜಿನಲ್ಲಿ ಸರ್ವಜ್ಞನನ್ನು ಪಾಠ ಹೇಳುವುದು ಆ ಪಾದ್ರಿಯ ಋಣದಲ್ಲಿ. ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಸಾಧಿಸಲು ವಾದ ಹೂಡಿದವರೂ ಅವರೇ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1962ರಲ್ಲಿ ಅವರು ದಿವಂಗತರಾದರು.

ಯೇಸುವನ್ನು ನಂಬಿದವನು ಬಸವಣ್ಣನನ್ನು ಏಕೆ ಹುಡುಕಿಕೊಂಡು ಹೋಗಬೇಕು? ನನ್ನ ಊಹೆ ಇಷ್ಟು: ಹಿಂದಣ ಬಾಗಿಲನ್ನು ಮೊಳೆ ಹೊಡೆದು ಮುಚ್ಚಿದ ಮನೆಯಲ್ಲಿ ಇಂಥ ಮನುಷ್ಯನು ಬೆಳೆಯಲಾರ. ಹಳೆಯದೆಲ್ಲ ಕತ್ತಲೆ, ಹೊಸದೆಲ್ಲ ಬೆಳಕು ಎಂದು ಕಥೆ ಹೇಳುವ ಮನೆಗಳುಂಟು. ಅಂಥಲ್ಲಿ ಮೊಮ್ಮಕ್ಕಳು ತಮ್ಮ ಊರಿನ ಭಾಷೆಗೂ ಪದಕ್ಕೂ ಹೊರಗಿನವರಾಗಿಬಿಡುತ್ತಾರೆ. ಚನ್ನಪ್ಪನವರು ಹಾಗಾಗಲಿಲ್ಲ. ಅವರ ಹೆಸರಿನಲ್ಲಿಯೇ ಹಳೆಯ ಊರೂ ಉಳಿಯಿತು, ಚನ್ನಪ್ಪನೂ ಉಳಿದನು.

ಕನ್ನಡದಲ್ಲಿ ಈ ಕಥೆಗಳನ್ನು ಹೇಳುವ ಬಗೆಗೂ ಒಂದು ಪರಂಪರೆಯಿದೆ. ನಿಘಂಟಿನ ಕಿಟೆಲ್ ಪಾದ್ರಿ 1862ರಲ್ಲೇ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಸಿ ಮಟ್ಟುಗಳಿಗೆ ಅಳವಡಿಸಿ ಹಾಡಿಸಲು ಯತ್ನಿಸಿದನು. ಬರಿಯ ಗದ್ಯ ಕಿವಿಗೆ ನಿಲ್ಲದೆಂದು ಆ ಜರ್ಮನಿಯವನಿಗೆ ತಿಳಿದಿತ್ತು. ಕನಕಪುರದ ಬಳಿಯ ಹಾರೋಬೆಲೆಯ ಕಥೋಲಿಕ ಒಕ್ಕಲಿನವರು ತಪಸ್ಸುಕಾಲದಲ್ಲಿ ಯೇಸುವಿನ ಶ್ರಮೆಯನ್ನು ‘ಮಹಿಮೆ’ ಎಂಬ ಕನ್ನಡ ನಾಟಕವಾಗಿ ಆಡುತ್ತ ಬಂದು ನೂರು ವರ್ಷಗಳು ಮೀರಿವೆ. ಅಲ್ಲಿನ ಮಗುವಿಗೆ ಪಿಲಾತನು ಪುಸ್ತಕದ ಹೆಸರಲ್ಲ. ಹಗಲು ರೇಷ್ಮೆಯ ಹುಳುವಿಗೆ ಸೊಪ್ಪು ಹಾಕಿ ಇರುಳು ಕಿರೀಟ ಧರಿಸುವ, ತನ್ನ ಓಣಿಯ ಯಾರೋ ಒಬ್ಬ ಮಾವ.

ಎಲ್ಲ ಕಥೆಗಳೂ ಹೀಗೆ ನಲಿವಿನವಲ್ಲ. ಮಂಗಳೂರಿನ ಕಥೋಲಿಕ ಕುಟುಂಬಗಳಲ್ಲಿ ಶ್ರೀರಂಗಪಟ್ಟಣದ ಸೆರೆಯ ನೆನಪು ಇಂದಿಗೂ ಇದೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿತರಿಸಿ ಘಟ್ಟ ಹತ್ತಿಸಿದನು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಬದುಕುಳಿದವರು ಹಿಂದಿರುಗಿದರು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು ಎಂಬ ಬಗ್ಗೆ ಬರೆದವರಲ್ಲಿ ಒಮ್ಮತವಿಲ್ಲ. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಯೌವನಕ್ಕೆ ಬರುವ ಕಾಲ. ಸೆರೆಯಲ್ಲಿ ಹುಟ್ಟಿದ ಅಂಥ ಮಗುವಿಗೆ, ಇಗರ್ಜಿಯಿಲ್ಲದೆ, ಪಾದ್ರಿಯಿಲ್ಲದೆ, ತಾಯಿ ಪಿಸುಮಾತಿನಲ್ಲಿ ಕಲಿಸಿದ ಪ್ರಾರ್ಥನೆಯೊಂದೇ ಧರ್ಮವಾಗಿದ್ದಿರಬೇಕು. ಈ ಕಥೆಯನ್ನು ಮೊಮ್ಮಕ್ಕಳಿಗೆ ಎರಡು ಬಗೆಯಲ್ಲಿ ಹೇಳಬಹುದು. ತಾಯಿಯ ಆ ಪಿಸುಮಾತನ್ನು ನಡುವೆ ಇಟ್ಟು ಹೇಳಿದರೆ ಅದು ವಿಶ್ವಾಸದ ಕಥೆ. ಸುಲ್ತಾನನನ್ನು ನಡುವೆ ಇಟ್ಟು, ಬೆರಳನ್ನು ಇಂದಿನ ನೆರೆಮನೆಯ ಕಡೆಗೆ ತೋರಿಸಿ ಹೇಳಿದರೆ ಅದು ಬೇರೆಯೇ ಕಥೆ; ಅದಕ್ಕೆ ಸತ್ಯವೇದದ ಹಾಳೆ ಬೇಕಾಗಿಲ್ಲ.

ಇಂದಿನ ತೊಡಕು ಸೆರೆಯದೂ ಅಲ್ಲ, ಬಹಿಷ್ಕಾರದ್ದೂ ಅಲ್ಲ, ಭಾಷೆಯದು. ಅಜ್ಜನ ಕಥೆ ಕನ್ನಡದಲ್ಲಿದೆ, ಮೊಮ್ಮಗನ ಶಾಲೆ ಇಂಗ್ಲಿಷಿನದು. ಮಗನ ಸಂಸಾರ ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇದ್ದರೆ ಮಾತುಕತೆ ವಾರಕ್ಕೊಮ್ಮೆ, ಟೆಲಿಫೋನಿನ ಗಾಜಿನ ಮೇಲೆ. “ಅಂದಿನಿಂದ ನಮ್ಮ ಒಲೆ ಬೇರೆಯಾಯಿತು” ಎಂದು ಒಬ್ಬ ಮುದುಕಿ ಹೇಳಿದರೆ, ಆ ಒಂದು ಮಾತಿನಲ್ಲಿ ಅಡಿಗೆಮನೆಯ ಗೋಡೆ, ಓರಗಿತ್ತಿಯರ ಮೌನ, ಹಂಚಿಕೊಂಡ ಪಾತ್ರೆಗಳು ಎಲ್ಲವೂ ಇವೆ. ಇಂಗ್ಲಿಷಿಗೆ ತಿರುಗಿಸಿದಾಗ ಅನಿಲದ ಒಲೆಯನ್ನು ಮಾತ್ರ ಬಲ್ಲ ಮಗುವಿಗೆ ಏನು ತಲಪೀತು? ಕಥೋಲಿಕರು ಜ್ಞಾನಸ್ನಾನವೆಂದೂ ಪ್ರಾಟೆಸ್ಟಂಟರು ದೀಕ್ಷಾಸ್ನಾನವೆಂದೂ ಕರೆಯುವುದನ್ನು ನೋಡಿ. ಒಂದೇ ನೀರಿಗೆ ಒಬ್ಬರು ಅರಿವಿನ ಹೆಸರನ್ನಿಟ್ಟರು, ಮತ್ತೊಬ್ಬರು ವ್ರತದ ಹೆಸರನ್ನಿಟ್ಟರು. ಕನ್ನಡ ತಪ್ಪಿದ ಮನೆಯಲ್ಲಿ ಈ ಸೂಕ್ಷ್ಮವೂ ತಪ್ಪಿತು. ಇದಕ್ಕೆ ಶಾಲೆಗಳನ್ನು ದೂರಿ ಫಲವಿಲ್ಲ. ಕಥೆಯನ್ನು ಕೇಳುವುದಕ್ಕಾಗಿಯಾದರೂ ಮಗು ಕನ್ನಡ ಕಲಿತೀತು ಎಂದು ನನಗೆ ತೋರುತ್ತದೆ.

ಹೀಗೆ ತೋರುವುದಕ್ಕೆ ಆಧಾರವಿಲ್ಲದಿಲ್ಲ. ಮಲ್ಲೇಶ್ವರದ ಅಡ್ಡರಸ್ತೆಯೊಂದರ ಮನೆಯಲ್ಲಿ, ಭಾನುವಾರ ದೇವಾಲಯದಿಂದ ಬಂದು ಊಟ ಮುಗಿಸಿದ ಮೇಲೆ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಹನ್ನೆರಡರ ಮೊಮ್ಮಗನಿಗೆ ಮನೆಯ ಕಥೆ ಹೇಳುವುದನ್ನು ನಾನು ಕೇಳಿದ್ದೇನೆ. ಆಕೆ ಬೋಧನೆ ಮಾಡುವುದಿಲ್ಲ. ಮಾವನವರು ಹಳ್ಳಿಯಿಂದ ಹಳ್ಳಿಗೆ ಸತ್ಯವೇದದ ಬಿಡಿ ಭಾಗಗಳನ್ನು ಮಾರುತ್ತ ನಡೆದದ್ದು, ಒಂದು ಊರಿನಲ್ಲಿ ಕಲ್ಲೇಟು ತಿಂದದ್ದು, ಅದೇ ಊರಿನಲ್ಲಿ ಒಬ್ಬ ಗೌಡರು ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಮಲಗಿಸಿಕೊಂಡದ್ದು ಇವನ್ನೆಲ್ಲ ಹೇಳುತ್ತಾರೆ. ಒಂದು ದಿನ ತಮ್ಮ ವಿಷಯಕ್ಕೆ ಬಂದರು. ಚೊಚ್ಚಲ ಮಗು ಜ್ವರದಲ್ಲಿ ಹೋದಾಗ ಎರಡು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲವೆಂದೂ, ಪ್ರಾರ್ಥನೆಗೆ ಬಾಯಿ ಬರಲಿಲ್ಲವೆಂದೂ ಹೇಳಿದರು.

ಮಗಳು ಒಳಗಿನಿಂದ, “ಮಕ್ಕಳ ಮುಂದೆ ಅದನ್ನೆಲ್ಲ ಏಕೆ ಹೇಳುತ್ತೀಯಮ್ಮಾ?” ಎಂದರು.

“ಬಿಟ್ಟಿದ್ದನ್ನು ಹೇಳದೆ ಮತ್ತೆ ಹೋದದ್ದನ್ನು ಹೇಗೆ ಹೇಳಲೇ? ನೀನೇ ಹೇಳು,” ಎಂದು ಅಜ್ಜಿ ನಕ್ಕರು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಏಕೆ ಹೋದೆ ಅಜ್ಜೀ?” ಎಂದು ಕೇಳಿದನು.

“ಒಂದು ಭಾನುವಾರ ಗಂಟೆ ಹೊಡೆಯಿತು ಕಣೋ. ನಿಮ್ಮ ತಾತ ಕರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷವೂ ಹಾಗೆಯೇ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅವತ್ತು ನಾನೂ ಸೆರಗು ಹೊದ್ದುಕೊಂಡು ಹೊರಟೆ.”

ಅದರಲ್ಲಿ ಪವಾಡವಿಲ್ಲ, ದರ್ಶನವಿಲ್ಲ. ಉಪದೇಶಕರು ಇದನ್ನು ದೃಷ್ಟಾಂತಕ್ಕೆ ಬಳಸುವುದು ಸಂದೇಹ. ಆದರೆ ಬಾಗಿಲಲ್ಲಿ ಕಾದು ನಿಂತ ತಾತನನ್ನು ಆ ಹುಡುಗನು ಮರೆಯಲಾರನೆಂದು ಧೈರ್ಯವಾಗಿ ಹೇಳಬಲ್ಲೆ.

ಈಗ ಅವನು ಅಜ್ಜಿಯ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಆಮೇಲೆ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆಯುತ್ತಾನೆ. ಒತ್ತಕ್ಷರಗಳು ತಪ್ಪುತ್ತವೆ, ಅಜ್ಜಿ ಪೆನ್ಸಿಲಿನಿಂದ ತಿದ್ದುತ್ತಾರೆ. ಹನ್ನೊಂದು ಪುಟಗಳಾಗಿವೆ. ಸತ್ಯವೇದದ ಮೊದಲ ಹಾಳೆಯಲ್ಲಿ ಮುತ್ತಜ್ಜನ ದೀಕ್ಷಾಸ್ನಾನದ ತಾರೀಖು ಇದೆ. ಅಂದು ಅವರನ್ನು ಮನೆಯಿಂದ ಕಳುಹಿಸಿಕೊಟ್ಟ, ಆದರೆ ತಾನು ಬಾರದೆ ಉಳಿದ ಅವರ ತಾಯಿಯ ಹೆಸರು ಇಲ್ಲ. ಅಜ್ಜಿಗೂ ಅದು ಗೊತ್ತಿಲ್ಲ. ಹುಡುಗನು ಅಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದಾನೆ. ಸಭೆಯ ಹಳೆಯ ದಾಖಲೆಯ ಪುಸ್ತಕದಲ್ಲಿ ಇದ್ದರೂ ಇದ್ದೀತೆಂದು, ಪಾದ್ರಿಗಳ ಅಪ್ಪಣೆ ಪಡೆದು ಬರುವ ಶನಿವಾರ ಇಬ್ಬರೂ ನೋಡಲು ಹೋಗುವವರಿದ್ದಾರೆ.